ಸೆಲ್‌ಗಳ ಜಾಡು ಹಿಡಿದು ಐದು ದಿನ: ಟ್ರ್ಯಾಕ್‌ಮೇಟ್‌ನಿಂದ ಆರ್‌ವರೆಗೆ

ಕೆಲಸ ಹೇಳೋದಕ್ಕೆ ಒಂದೇ ಸಾಲು: ಔಷಧ ಹಾಕಿದ ಕ್ಯಾನ್ಸರ್ ಸೆಲ್‌ಗಳು ಹಾಕದವುಗಳಿಗಿಂತ ನಿಧಾನವಾಗಿ ಓಡಾಡುತ್ತವೆಯೇ? ಧಾರವಾಡದ ನಮ್ಮ ಲ್ಯಾಬಿನಲ್ಲಿ ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಆದ ಆರ್‌ನಲ್ಲಿ ಕೊನೆಯ ಟೆಸ್ಟ್ ಓಡಿಸಿದ್ದು ಒಂದು ಮಧ್ಯಾಹ್ನದ ಮಾತು. ಉಳಿದ ದಿನವೆಲ್ಲ ಜಾಡುಗಳನ್ನು, ಅಂದರೆ ಚಿತ್ರದಿಂದ ಚಿತ್ರಕ್ಕೆ ಸೆಲ್ ಸಾಗಿದ ದಾರಿಗಳನ್ನು, ನಂಬುವ ಸ್ಥಿತಿಗೆ ತರೋದಕ್ಕೇ ಹೋಯಿತು. ಇದೇ ದಾರಿಯಲ್ಲಿ ಹೊರಟವರು ನಾವು ಎಡವಿದಲ್ಲೇ ಎಡವಬಾರದು ಅಂತ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಟ್ಟಿದ್ದೇವೆ.

ಸೆಲ್ ಎಂಡಿಎ-ಎಂಬಿ-231. ಸ್ತನ ಕ್ಯಾನ್ಸರಿನದು, ಒಂಟಿಒಂಟಿಯಾಗಿ ತಿರುಗುವ ಸ್ವಭಾವದ್ದು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ (ಎನ್‌ಸಿಸಿಎಸ್) ಸೆಲ್ ಭಂಡಾರದಿಂದ ತರಿಸುವವರು ಜೈವಿಕ ಸುರಕ್ಷತಾ ಸಮಿತಿಯ ಕಾಗದವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಸೆಲ್ ಕೈಗೆ ಬಂದಕೂಡಲೇ ಮೈಕೋಪ್ಲಾಸ್ಮಾ (ಸೆಲ್‌ಗಳಿಗೆ ಸದ್ದಿಲ್ಲದೆ ತಗಲುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಬಿಡಿ. ದಿನಕ್ಕೆ ಒಂದು ಪ್ಲೇಟು, ಅದರಲ್ಲಿ ಆರು ವೆಲ್, ಅಂದರೆ ಸೆಲ್ ಬೆಳೆಸುವ ಕುಳಿ. ಮೂರಕ್ಕೆ ಔಷಧ, ಮೂರಕ್ಕೆ ಅಷ್ಟೇ ಪ್ರಮಾಣದ ಡಿಎಂಎಸ್‌ಒ, ಅಂದರೆ ಔಷಧವನ್ನು ಕರಗಿಸಿದ ದ್ರವ ಮಾತ್ರ. ವೆಲ್ಲಿಗೆ ಎರಡು ಜಾಗ, ಅಂದರೆ ಒಟ್ಟು 12 ಜಾಗ. 10ಎಕ್ಸ್ ಲೆನ್ಸು, 5 ನಿಮಿಷಕ್ಕೊಂದು ಚಿತ್ರ, 12 ಗಂಟೆ. ಹಾಗಾಗಿ ಜಾಗಕ್ಕೆ 145 ಚಿತ್ರ.

ಹಾರ್ಡ್ ಡಿಸ್ಕಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. 1392 × 1040 ಪಿಕ್ಸೆಲ್‌ನ 16 ಬಿಟ್ ಚಿತ್ರ ಒಂದಕ್ಕೆ 2.9 ಎಂಬಿ. 145 ಚಿತ್ರಕ್ಕೆ 420 ಎಂಬಿ, 12 ಜಾಗಕ್ಕೆ 5 ಜಿಬಿ. ಚಿತ್ರ ವಿಶ್ಲೇಷಿಸುವ ಸಾಫ್ಟ್‌ವೇರ್ ಫಿಜಿಯಲ್ಲಿ ಕೆಲವು ಫಿಲ್ಟರ್ ಹಾಕಿದರೆ ಅದು 32 ಬಿಟ್ ಆಗಿ ಗಾತ್ರ ಇಮ್ಮಡಿಯಾಗುತ್ತದೆ. 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್ ಒಂದೊಂದೇ ಜಾಗವನ್ನು ತೆರೆದರೆ ತಡೆಯುತ್ತದೆ, ಹನ್ನೆರಡನ್ನೂ ಒಟ್ಟಿಗೆ ತೆರೆದರೆ ಕೂತಲ್ಲೇ ಕೂರುತ್ತದೆ. ಸಾಫ್ಟ್‌ವೇರಿಗೆ ಒಂದು ಪೈಸೆ ಖರ್ಚಿಲ್ಲ: ಫಿಜಿ, ಅದರೊಳಗೆ ಜಾಡು ಹಿಡಿಯುವ ಟ್ರ್ಯಾಕ್‌ಮೇಟ್, ಆರ್, ಜಾಡುಗಳ ಲೆಕ್ಕ ಹಾಕುವ ಆರ್‌ನ ಸೆಲ್‌ಟ್ರ್ಯಾಕ್‌ಆರ್ ಪ್ಯಾಕೇಜು ಎಲ್ಲವೂ ಪುಕ್ಕಟೆ. ದುಡ್ಡು ಹೋಗೋದು ಸೂಕ್ಷ್ಮದರ್ಶಕದ ಗಂಟೆ ಬಾಡಿಗೆಗೆ, ಸೀರಮ್ಮಿಗೆ, ಕೆಟ್ಟುಹೋದ ದಿನಗಳಿಗೆ.

ಮೊದಲ ಎಡವಟ್ಟು ಅಳತೆಯದು. ಕ್ಯಾಮೆರಾದ ಪಿಕ್ಸೆಲ್ 6.45 ಮೈಕ್ರಾನ್, ಲೆನ್ಸು 10ಎಕ್ಸ್. ಹಾಗಾದರೆ ಚಿತ್ರದ ಒಂದು ಪಿಕ್ಸೆಲ್ 0.645 ಮೈಕ್ರಾನ್ ಅಂತ ಕಾಗದದ ಮೇಲೆ ಭಾಗಿಸಿ ಮುಂದಕ್ಕೆ ಹೋದೆವು. ಕ್ಯಾಮೆರಾ ಮತ್ತು ಸೂಕ್ಷ್ಮದರ್ಶಕದ ನಡುವೆ 0.5ಎಕ್ಸ್ ಅಡಾಪ್ಟರ್ ಇದ್ದರೆ ಅದು ದುಪ್ಪಟ್ಟಾಗುತ್ತದೆ, 2 × 2 ಬಿನ್ನಿಂಗ್ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿ ಓದೋದು) ಇದ್ದರೂ ದುಪ್ಪಟ್ಟು. ಎರಡೂ ಇದ್ದರೆ ನಾಲ್ಕು ಪಟ್ಟು. ಸ್ಟೇಜ್ ಮೈಕ್ರೊಮೀಟರ್ ಇಟ್ಟು ಒಂದು ಫೋಟೊ ತೆಗೆದರೆ ಐದು ನಿಮಿಷದಲ್ಲಿ ತೀರ್ಮಾನ: 1 ಮಿ.ಮೀ.ಗೆ 100 ಗೆರೆ, ಗೆರೆಗೆ 10 ಮೈಕ್ರಾನ್. ಆ ಫೋಟೊವನ್ನು ಪ್ರತಿ ದಿನದ ಫೋಲ್ಡರಿನಲ್ಲೂ ಇಡಿ. ಫಿಜಿಯ ಪ್ರಾಪರ್ಟೀಸ್‌ನಲ್ಲಿ ಪಿಕ್ಸೆಲ್ ಅಳತೆ, ಚಿತ್ರಗಳ ನಡುವಿನ ಸಮಯ ಎರಡನ್ನೂ ಟ್ರ್ಯಾಕ್‌ಮೇಟ್ ತೆರೆಯುವ ಮುಂಚೆಯೇ ತುಂಬಬೇಕು. ಅಲ್ಲಿ 145 ಸ್ಲೈಸ್, 1 ಫ್ರೇಮ್ ಅಂತ ಇದ್ದರೆ ಸಮಯವನ್ನು ಆಳ ಅಂತ ಓದಿಕೊಂಡಿದೆ ಎಂದರ್ಥ. ಅದಲುಬದಲು ಮಾಡಲೇ ಅಂತ ಟ್ರ್ಯಾಕ್‌ಮೇಟ್ ಕೇಳುತ್ತದೆ, ಹೌದು ಅನ್ನಿ.

ನ್ಯೂಕ್ಲಿಯಸ್‌ಗೆ ಹೋಕ್ಸ್ಟ್ 33342 ಬಣ್ಣ ಹಾಕಿದ್ದೆವು. ಕರಿ ಹಿನ್ನೆಲೆಯಲ್ಲಿ ಬಿಳಿ ಚುಕ್ಕಿ ಸಿಕ್ಕರೆ ಟ್ರ್ಯಾಕ್‌ಮೇಟಿಗೆ ಕೆಲಸ ಹಗುರ. ಆದರೆ ಹೋಕ್ಸ್ಟ್‌ಗೆ ಬೇಕಾಗುವ ನೇರಳೆಯತ್ತ ವಾಲಿದ ಬೆಳಕು ಸೆಲ್ಲಿಗೆ ಏಟು ಕೊಡುತ್ತದೆ. ಏಟು ತಿಂದ ಸೆಲ್ ನಿಧಾನವಾಗುತ್ತದೆ, ನಮ್ಮ ಪ್ರಶ್ನೆಯೇ ನಿಧಾನದ್ದು! ಆದ್ದರಿಂದ ಪ್ರತಿ ವೆಲ್ಲಿನಲ್ಲೂ ಆ ಎರಡರ ಹೊರತಾಗಿ ಇನ್ನೊಂದು ಜಾಗಕ್ಕೆ 12 ಗಂಟೆಯೂ ಬೆಳಕು ಬಿಡದೆ, ಮೊದಲ ಮತ್ತು ಕೊನೆಯ ಚಿತ್ರವನ್ನಷ್ಟೇ ತೆಗೆದು, ಅಲ್ಲಿ ಸೆಲ್‌ಗಳು ಎಷ್ಟು ಹೆಚ್ಚಿದವು ಅಂತ ಎಣಿಸಿ ಬೆಳಕು ಬಿದ್ದ ಜಾಗದ ಜೊತೆ ಹೋಲಿಸಿದೆವು. ವ್ಯತ್ಯಾಸ ಕಂಡ ಕೂಡಲೇ ಬಣ್ಣವನ್ನೂ ಬೆಳಕನ್ನೂ ತಗ್ಗಿಸಿದೆವು. ಚುಕ್ಕಿ ಮಂಕಾದರೂ ಪರವಾಗಿಲ್ಲ, ಗುರುತು ಸಿಕ್ಕರೆ ಸಾಕು.

ಎರಡನೇ ಪ್ರಯತ್ನದ ದಿನ ಮಳೆ, ಕರೆಂಟು ಹೋಯಿತು. ಯುಪಿಎಸ್ ಕಂಪ್ಯೂಟರನ್ನೂ ಕ್ಯಾಮೆರಾವನ್ನೂ ಹಿಡಿದುಕೊಂಡಿತು, ಸೆಲ್‌ಗಳ ಪೆಟ್ಟಿಗೆಯ ಹೀಟರ್ ಮಾತ್ರ ಯುಪಿಎಸ್‌ಗೆ ಸೇರಿರಲಿಲ್ಲ. ಚಿತ್ರಗಳು ತಪ್ಪದೆ ಬಂದಿವೆ, ಫೈಲು ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಶಾಖ ಇಳಿದಾಗ ಸೆಲ್‌ಗಳು ನಿಧಾನವಾಗುತ್ತವೆ, ಫೋಕಸ್ಸೂ ಜಾರುತ್ತದೆ. ಪ್ರತಿ ಚಿತ್ರದ ಸರಾಸರಿ ವೇಗವನ್ನು ಸಮಯದ ಎದುರು ಗ್ರಾಫ್ ಹಾಕಿದಾಗ ಮಾತ್ರ ಆ ತಗ್ಗು ಎದ್ದು ಕಂಡಿತು. ಆ ದಿನವನ್ನು ಪೂರ್ತಿ ಬಿಟ್ಟೆವು. ಪೆಟ್ಟಿಗೆಯೊಳಗೆ ಶಾಖ ದಾಖಲಿಸುವ ಸಣ್ಣ ಲಾಗರ್ ಒಂದನ್ನು ಇಡಿ. ಮುಂದೆ ಯಾರಾದರೂ ಕೇಳಿದರೆ ತೋರಿಸೋಕೆ ಕಾಗದವಾದರೂ ಇರುತ್ತದೆ.

ಟ್ರ್ಯಾಕ್‌ಮೇಟಿನಲ್ಲಿ ಚುಕ್ಕಿ ಹುಡುಕೋದಕ್ಕೆ ಲಾಗ್ ಡಿಟೆಕ್ಟರ್ ಬಳಸಿದೆವು. ವ್ಯಾಸ 15 ಮೈಕ್ರಾನ್, ಸಬ್‌ಪಿಕ್ಸೆಲ್ ಆಯ್ಕೆಗೆ ಟಿಕ್. ಅಳತೆ ತುಂಬದಿದ್ದರೆ ಇದೇ 15 ಅನ್ನು ಅದು ಪಿಕ್ಸೆಲ್ ಅಂದುಕೊಂಡು ಒಂದೊಂದು ನ್ಯೂಕ್ಲಿಯಸ್ಸಿನ ಮೇಲೆ ಎರಡೆರಡು ಚುಕ್ಕಿ ಇಡಬಹುದು. ಆಮೇಲೆ ಚುಕ್ಕಿಗಳನ್ನು ಜಾಡಾಗಿ ಜೋಡಿಸುವ ಲ್ಯಾಪ್ ಟ್ರ್ಯಾಕರ್. ಇಲ್ಲಿ ಕೇಳುವ ಒಂದು ಸಂಖ್ಯೆಯ ಮೇಲೆ ಉಳಿದದ್ದೆಲ್ಲ ನಿಂತಿದೆ: ಒಂದು ಚಿತ್ರದಿಂದ ಮುಂದಿನದಕ್ಕೆ ಸೆಲ್ ಹೆಚ್ಚೆಂದರೆ ಎಷ್ಟು ದೂರ ಹೋಗಿರಬಹುದು? ದೊಡ್ಡದು ಕೊಟ್ಟರೆ ಅಕ್ಕಪಕ್ಕ ಹಾಯುವ ಎರಡು ಸೆಲ್‌ಗಳ ಜಾಡು ಅದಲುಬದಲಾಗಿ, ಇಲ್ಲದ ಜಿಗಿತ ಹುಟ್ಟುತ್ತದೆ. ಸಣ್ಣದು ಕೊಟ್ಟರೆ ಜೋರಾಗಿ ಓಡುವ ಸೆಲ್‌ಗಳ ಜಾಡೇ ಮೊದಲು ತುಂಡಾಗುತ್ತದೆ. ತುಂಡುಗಳನ್ನು ಚಿಕ್ಕವು ಅಂತ ಆಮೇಲೆ ನಾವೇ ಕೈಯಾರೆ ತೆಗೆದುಹಾಕುತ್ತೇವೆ, ಉಳಿಯೋದು ನಿಧಾನದವು. ನಾವು ಮೊದಲು ಇಪ್ಪತ್ತು ಸೆಲ್‌ಗಳನ್ನು ಕೈಯಿಂದ ಕ್ಲಿಕ್ ಮಾಡಿ ಹಿಂಬಾಲಿಸಿ, ಅವುಗಳ ಅತಿ ದೊಡ್ಡ ಹೆಜ್ಜೆ ನೋಡಿಕೊಂಡು, ಅದಕ್ಕಿಂತ ತುಸು ಹೆಚ್ಚು ಕೊಟ್ಟೆವು. ಆ ಸಂಖ್ಯೆ ಪಕ್ಕದ ಸೆಲ್ಲಿನ ದೂರದ ಅರ್ಧಕ್ಕಿಂತ ದೊಡ್ಡದಾದರೆ ಸಾಫ್ಟ್‌ವೇರ್ ಏನೂ ಮಾಡಲಾರದು. ಮುಂದಿನ ಸಲ ಸೆಲ್‌ಗಳನ್ನು ತೆಳುವಾಗಿ ಬಿತ್ತಬೇಕು, ಇಲ್ಲವೇ ಚಿತ್ರಗಳ ನಡುವಿನ ಸಮಯ ಕಡಿಮೆ ಮಾಡಬೇಕು.

ಟ್ರ್ಯಾಕ್‌ಸ್ಕೀಮ್ ಕಿಟಕಿಯಲ್ಲಿ ಜಾಡುಗಳನ್ನು ಒಂದೊಂದಾಗಿ ನೋಡಿ ತಿದ್ದೋದಕ್ಕೆ ಜಾಗಕ್ಕೆ ಸುಮಾರು ಒಂದು ಗಂಟೆ ಬೇಕಾಯಿತು. ದಿನದ ಹನ್ನೆರಡು ಜಾಗಕ್ಕೆ ಹನ್ನೆರಡು ಗಂಟೆ. ಇದನ್ನು ತಪ್ಪಿಸಿಕೊಳ್ಳುವ ದಾರಿ ನಮಗೆ ಸಿಗಲಿಲ್ಲ. ತಿದ್ದುವವರಿಗೆ ಯಾವುದು ಔಷಧದ ವೆಲ್ ಅಂತ ಗೊತ್ತಿರಬಾರದು. ಫೈಲುಗಳ ಹೆಸರನ್ನು ಬೇರೆಯವರ ಕೈಲಿ ಬದಲಾಯಿಸಿ, ಪಟ್ಟಿಯನ್ನು ಅವರ ಹತ್ತಿರವೇ ಬಿಡಿ. ಸೆಲ್ ಒಡೆದು ಎರಡಾದಲ್ಲಿ ಜಾಡನ್ನು ಕತ್ತರಿಸಿದೆವು. ಒಡೆಯುವ ಮುಂಚೆ ಸೆಲ್ ಗುಂಡಗಾಗಿ ನಿಂತುಬಿಡುತ್ತದೆ. ಔಷಧವೇನಾದರೂ ವಿಭಜನೆಯನ್ನು ತಡೆಯುವಂಥದ್ದಾದರೆ, ಆ ನಿಲುಗಡೆಯೇ ಸರಾಸರಿ ವೇಗದೊಳಗೆ ನುಗ್ಗಿ ಓಡಾಟದ ಫಲಿತಾಂಶದಂತೆ ಕಾಣುತ್ತದೆ.

ಟ್ರ್ಯಾಕ್‌ಮೇಟ್ ಕೊಟ್ಟ ಸಿಎಸ್‌ವಿ (ಕೋಷ್ಟಕದ) ಫೈಲನ್ನು ಆರ್‌ಗೆ ಒಯ್ಯುವಾಗ ಎರಡು ದಿನ ಹೋದವು. ಕಾರಣಗಳು ಕ್ಷುಲ್ಲಕ, ಆದರೆ ಎಲ್ಲರಿಗೂ ಆಗುವಂಥವು. ಟ್ರ್ಯಾಕ್‌ಮೇಟ್ 7 ತಲೆಬರಹವನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತದೆ. ಮೊದಲ ಸಾಲು ಮಾತ್ರ ಬೇಕು. ಎರಡರಿಂದ ನಾಲ್ಕನ್ನು ಬಿಡದಿದ್ದರೆ ಆರ್ ಇಡೀ ಕಾಲಮ್ಮನ್ನು ಅಕ್ಷರ ಅಂದುಕೊಳ್ಳುತ್ತದೆ, ಸರಾಸರಿ ಕೇಳಿದರೆ ಎನ್‌ಎ, ಅಂದರೆ ಬೆಲೆ ಇಲ್ಲ, ಅನ್ನುತ್ತದೆ. ಯಾವ ಜಾಡಿಗೂ ಸೇರದ ಚುಕ್ಕಿಗಳ ಟ್ರ್ಯಾಕ್ ಐಡಿ ಖಾಲಿ ಇರುತ್ತದೆ, ಅವನ್ನು ತೆಗೆಯಿರಿ. ಎಲ್ಲಕ್ಕಿಂತ ದೊಡ್ಡ ಗುಂಡಿ ಇದು: ಪ್ರತಿ ಫೈಲಿನಲ್ಲೂ ಐಡಿ ಸೊನ್ನೆಯಿಂದಲೇ ಶುರು. ಹನ್ನೆರಡು ಫೈಲನ್ನು ಹಾಗೇ ಒಟ್ಟು ಸೇರಿಸಿದರೆ ಹನ್ನೆರಡು ಸೊನ್ನೆ ನಂಬರಿನ ಸೆಲ್‌ಗಳು ಒಂದೇ ಸೆಲ್ಲಾಗಿ ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹಾರಾಡುತ್ತವೆ. ದಿನ, ವೆಲ್, ಜಾಗ, ಐಡಿ ನಾಲ್ಕನ್ನೂ ಅಂಟಿಸಿ ಹೊಸ ಹೆಸರು ಮಾಡಿಕೊಳ್ಳಿ. ಸೆಲ್‌ಟ್ರ್ಯಾಕ್‌ಆರ್ ಬಯಸೋದು ಐಡಿ, ಸಮಯ, ಎಕ್ಸ್, ವೈ ಈ ಕ್ರಮವನ್ನು. ಸ್ಥಾನದ ಕಾಲಮ್ಮುಗಳು 3ರಿಂದ 5 ಅಂತ ಅದು ಮೊದಲೇ ಅಂದುಕೊಂಡಿರುತ್ತದೆ, ಎರಡೇ ಆಯಾಮದ ಚಿತ್ರಕ್ಕೆ 3 ಮತ್ತು 4 ಅಂತ ಹೇಳಿಕೊಡಬೇಕು. ಫೋಲ್ಡರಿಗೆ ಕನ್ನಡದ ಹೆಸರಿಟ್ಟವರಿಗೆ ಒಂದು ಮಾತು: ಆರ್ 4.2ರಿಂದ ಈಚೆಗೆ ವಿಂಡೋಸ್ 10ರಲ್ಲಿ ತೊಂದರೆಯಿಲ್ಲ, ಹಳೆಯದಿದ್ದರೆ ಫೈಲೇ ಇಲ್ಲ ಅನ್ನಬಹುದು.

ನಡುವೆ ಚಿತ್ರವೊಂದರಲ್ಲಿ ಚುಕ್ಕಿ ಸಿಗದೆ ಖಾಲಿ ಬಿದ್ದಿದ್ದರೆ ಆ ಹೆಜ್ಜೆ 10 ನಿಮಿಷದ್ದು. ಅದನ್ನೂ 5ರಿಂದ ಭಾಗಿಸಿದರೆ ವೇಗ ಸುಳ್ಳೇ ಏರುತ್ತದೆ. ಸೆಲ್‌ಟ್ರ್ಯಾಕ್‌ಆರ್‌ನಲ್ಲಿ ರಿಪೇರ್‌ಗ್ಯಾಪ್ಸ್ ಅನ್ನುವ ಫಂಕ್ಷನ್ ಇದಕ್ಕೇ ಇದೆ. ನಾವು ಖಾಲಿ ಇದ್ದಲ್ಲಿ ಜಾಡನ್ನು ಎರಡಾಗಿ ಮಾಡಿದೆವು, ನಡುವಿನ ಬಿಂದುವನ್ನು ಅಂದಾಜಿನಿಂದ ತುಂಬಲಿಲ್ಲ.

ಸ್ಟೇಜ್ ಜಾರಿದರೆ ಎಲ್ಲ ಸೆಲ್‌ಗಳೂ ಒಂದೇ ದಿಕ್ಕಿಗೆ ಹೊರಟಂತೆ ಕಾಣುತ್ತದೆ. ಎಲ್ಲರ ಸರಾಸರಿ ಚಲನೆಯನ್ನು ಕಳೆದುಬಿಟ್ಟರೆ ಆಯಿತಲ್ಲ ಅನ್ನಿಸೋದು ಸಹಜ. ಸೆಲ್‌ಗಳು ನಿಜವಾಗಿಯೂ ಒಂದು ದಿಕ್ಕಿಗೆ ಹೋಗುವ ಪ್ರಯೋಗವಾದರೆ, ಹುಡುಕುತ್ತಿದ್ದ ಸಂಗತಿಯನ್ನೇ ಕಳೆದಂತಾಯಿತು. ತಳಕ್ಕೆ ಅಂಟಿಕೊಂಡ ಕಸ, ಸತ್ತ ಸೆಲ್ ಇಂಥವನ್ನು ಮೂರ್ನಾಲ್ಕು ಗುರುತಿಸಿ, ಅವು ಎಷ್ಟು ಸರಿದಿವೆಯೋ ಅಷ್ಟನ್ನೇ ಕಳೆಯಿರಿ.

ಇಲ್ಲಿಂದ ಮುಂದೆ ವೇಗದ ಲೆಕ್ಕ. ನಾವು ತಿಂಗಳೊಂದನ್ನು ಕಳೆದುಕೊಂಡದ್ದು ಇಲ್ಲೇ. 4% ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಗಟ್ಟಿಮಾಡಿದ, ಅಂದರೆ ಸತ್ತು ಅಂಟಿಕೊಂಡ ಸೆಲ್‌ಗಳ ಚಿತ್ರವನ್ನೂ ಅದೇ ರೀತಿ ತೆಗೆದು ಲೆಕ್ಕ ಹಾಕಿದಾಗ, ಅವೂ ಓಡಾಡುತ್ತಿದ್ದವು! ಕಾರಣ, ಚುಕ್ಕಿಯ ಕೇಂದ್ರ ಪ್ರತಿ ಚಿತ್ರದಲ್ಲೂ ಕೂದಲೆಳೆಯಷ್ಟು ಆಚೀಚೆ ಬೀಳುತ್ತದೆ. ಈ ತಪ್ಪು ಎಕ್ಸ್ ಮತ್ತು ವೈ ಎರಡರಲ್ಲೂ 0.5 ಮೈಕ್ರಾನ್ ಅಂತಿಟ್ಟುಕೊಳ್ಳಿ. ನಿಂತ ಸೆಲ್ ಕೂಡ ಹೆಜ್ಜೆಗೆ ಸರಾಸರಿ 0.89 ಮೈಕ್ರಾನ್ ಹೋದಂತೆ ಕಾಣುತ್ತದೆ. 5 ನಿಮಿಷದ ಹೆಜ್ಜೆಯಾದರೆ ಗಂಟೆಗೆ 10.6 ಮೈಕ್ರಾನ್. ಅದೇ ದತ್ತಾಂಶದಲ್ಲಿ ನಾಲ್ಕು ಚಿತ್ರಕ್ಕೊಂದನ್ನಷ್ಟೇ ಆರಿಸಿ 20 ನಿಮಿಷದ ಹೆಜ್ಜೆ ಮಾಡಿದರೆ ಗಂಟೆಗೆ 2.7. ಸೆಲ್ ಅದೇ, ಚಿತ್ರ ಅವೇ, ವೇಗ ಬೇರೆ. ಹಾಗಂತ ಹೆಜ್ಜೆಯನ್ನು ಹಿಗ್ಗಿಸುತ್ತಲೇ ಹೋಗುವಂತಿಲ್ಲ. ಬೆಳಗ್ಗೆ ಧಾರವಾಡದ ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಸಂಜೆ ಅಲ್ಲೇ ಬಂದಿಳಿದವನನ್ನು ದಿನಕ್ಕೆರಡೇ ಸಲ ನೋಡಿದರೆ ಆತ ನಿಂತಲ್ಲೇ ನಿಂತಿದ್ದ ಅಂತಲೇ ಆಗುತ್ತದೆ. ನಾವು 5, 10, 20, 40 ನಿಮಿಷ ನಾಲ್ಕಕ್ಕೂ ಲೆಕ್ಕ ಹಾಕಿ, ಸತ್ತ ಸೆಲ್ಲಿನ ಸುಳ್ಳು ವೇಗವನ್ನೂ ಅದೇ ಗ್ರಾಫಿನಲ್ಲಿ ಇಟ್ಟು, 20 ನಿಮಿಷ ಆರಿಸಿದೆವು. ಬೇರೆ ಪ್ರಬಂಧದ ವೇಗದೊಂದಿಗೆ ಹೋಲಿಸುವವರು ಅವರ ಹೆಜ್ಜೆ ಎಷ್ಟು ನಿಮಿಷದ್ದು ಅಂತ ಮೊದಲು ಹುಡುಕಿ.

ನೇರತನದ ಅಳತೆ ಇದಕ್ಕಿಂತ ಮೋಸದ್ದು. ಹೊರಟಲ್ಲಿಂದ ಮುಟ್ಟಿದಲ್ಲಿಗೆ ನೇರ ದೂರ, ಭಾಗಿಸು ನಡೆದ ಒಟ್ಟು ದೂರ. ನೇರ ಹೋದರೆ 1, ಅಲೆದರೆ ಸೊನ್ನೆಯತ್ತ. ಆದರೆ ದಿಕ್ಕುದೆಸೆಯಿಲ್ಲದೆ ಅಲೆಯುವ ಸೆಲ್ಲಿಗೂ ಇದು ಹೆಜ್ಜೆಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ: 9 ಹೆಜ್ಜೆಗೆ ಸುಮಾರು 0.33, 36ಕ್ಕೆ 0.17, 144ಕ್ಕೆ 0.08. ಗಿಡ್ಡ ಜಾಡು ನೇರವಾಗಿ ಕಾಣೋದು ಗಿಡ್ಡವಾಗಿರೋದರಿಂದಲೇ. ಜೋರಾಗಿ ಓಡುವ ಸೆಲ್ ಚಿತ್ರದ ಅಂಚು ದಾಟಿ ಬೇಗ ಹೊರಟುಹೋಗುತ್ತದೆ, ಅದರ ಜಾಡು ಗಿಡ್ಡ. ಹೀಗೆ ವೇಗದ ವ್ಯತ್ಯಾಸವೇ ನೇರತನದ ವೇಷ ಹಾಕಿ ಬರುತ್ತದೆ. ಎಲ್ಲ ಜಾಡುಗಳಿಂದಲೂ ಸಮನಾಗಿ 3 ಗಂಟೆಯ ತುಂಡು ತೆಗೆದುಕೊಂಡಾಗ ನಮ್ಮ ‘ಔಷಧದಿಂದ ನೇರತನ ಬದಲಾಯಿತು’ ಅನ್ನುವ ಫಲಿತಾಂಶ ಕರಗಿಹೋಯಿತು. ಪೋಸ್ಟರಿನಲ್ಲಿ ಅದನ್ನು ಆಗಲೇ ಹಾಕಿಯಾಗಿತ್ತು.

ಸರಾಸರಿ ವರ್ಗ ಸ್ಥಾನಪಲ್ಲಟ (ಇಷ್ಟು ಸಮಯದ ಅಂತರದಲ್ಲಿ ಸೆಲ್ ಸರಿದ ದೂರದ ವರ್ಗದ ಸರಾಸರಿ), ಲ್ಯಾಬಿನ ಮಾತಿನಲ್ಲಿ ಎಂಎಸ್‌ಡಿ, ವೇಗ ಮತ್ತು ನೇರತನ ಎರಡನ್ನೂ ಬಿಡಿಸಿ ತೋರಿಸುತ್ತದೆ. 1920ರ ಫ್ಯೂರ್ತ್ ಸೂತ್ರವನ್ನು ಅದಕ್ಕೆ ಹೊಂದಿಸಿದರೆ ವೇಗ ಒಂದು, ಹಿಡಿದ ದಿಕ್ಕನ್ನು ಎಷ್ಟು ಹೊತ್ತು ಬಿಡುವುದಿಲ್ಲ ಅನ್ನುವ ಸಮಯ ಒಂದು, ಎರಡು ಸಂಖ್ಯೆ ಸಿಗುತ್ತವೆ. ಚುಕ್ಕಿಯ ತಪ್ಪಿಗಾಗಿ ಒಂದು ಸ್ಥಿರಾಂಕವನ್ನೂ ಸೂತ್ರಕ್ಕೆ ಸೇರಿಸಬೇಕು, ಇಲ್ಲದಿದ್ದರೆ ಆ ಸಮಯ ಕಡಿಮೆ ಬರುತ್ತದೆ. ಜಾಡಿನ ಒಟ್ಟು ಉದ್ದದ ಮೊದಲ ಕಾಲು ಭಾಗದವರೆಗಿನ ಅಂತರಗಳನ್ನಷ್ಟೇ ಬಳಸಿ. ಅದರಾಚೆ ಬಿಂದುಗಳು ಕಡಿಮೆ, ಗೆರೆ ಎತ್ತೆತ್ತಲೋ ಹೋಗುತ್ತದೆ. ಸೂತ್ರ ಹೊಂದಿಸುವ ಆರ್‌ನ ಫಂಕ್ಷನ್ ಎನ್‌ಎಲ್‌ಎಸ್ ‘ಸಿಂಗ್ಯುಲರ್ ಗ್ರೇಡಿಯೆಂಟ್’ ಅಂತ ಹಟ ಹಿಡಿದರೆ ಆರಂಭದ ಬೆಲೆ ಸರಿಯಿಲ್ಲ ಅಂತ ತಿಳಿಯಿರಿ: ವೇಗಕ್ಕೆ ಆಗಲೇ ಲೆಕ್ಕ ಹಾಕಿದ ಸರಾಸರಿಯನ್ನೂ ಸಮಯಕ್ಕೆ 20 ನಿಮಿಷವನ್ನೂ ಕೊಟ್ಟು ನೋಡಿ. ಉತ್ತರವಾಗಿ ಬಂದ ಸಮಯ ಚಿತ್ರಗಳ ನಡುವಿನ 5 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನು ಅಳೆದದ್ದು ಅಂತ ಬರೆಯಬೇಡಿ.

ಇಷ್ಟೆಲ್ಲ ಆದಮೇಲೆ ಮೂರು ದಿನದ 720 ಸೆಲ್‌ಗಳ ವೇಗವನ್ನು ಎರಡು ರಾಶಿ ಮಾಡಿ, ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಓಡಿಸಿದೆವು. ಪಿ ಬೆಲೆಯಲ್ಲಿ (ಔಷಧದಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ) ಬಿಂದುವಿನ ಮುಂದೆ ಸಾಲು ಸೊನ್ನೆ. ಖುಷಿಯಿಂದ ಸಂಖ್ಯಾಶಾಸ್ತ್ರದ ಮೇಡಂ ಒಬ್ಬರ ಮುಂದೆ ಹಾಳೆ ಇಟ್ಟೆವು.

‘ಎನ್ ಎಷ್ಟರೀ?’

‘ಏಳುನೂರಾ ಇಪ್ಪತ್ತು, ಮೇಡಂ.’

‘ಎಷ್ಟು ಸೆಲ್ ಅಂತ ಕೇಳ್ಲಿಲ್ರೀ ನಾ. ಎಷ್ಟು ದಿನ ಮಾಡೀರಿ?’

ಮೂರು ಅಂದೆವು. ‘ಒಂದs ಹೊಲದಾಗ ನೂರು ಜೋಳದ ತೆನಿ ಎಣಿಸಿದ್ರ ನೂರು ಹೊಲ ಆಗ್ತಾವೇನು?’ ಅಂದರು. ಕೃಷಿ ವಿಶ್ವವಿದ್ಯಾಲಯ ಇರುವ ಊರಿನಲ್ಲಿ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಅವರು ಹಾಳೆಯ ಹಿಂದೆ ಹಾಕಿ ತೋರಿಸಿದ ಲೆಕ್ಕ: ಒಂದು ಗುಂಪಿಗೆ ದಿನಕ್ಕೆ 120 ಸೆಲ್, ಮೂರು ದಿನಕ್ಕೆ 360. ಒಂದೇ ದಿನದ ಸೆಲ್‌ಗಳು ಒಂದೇ ಸೀರಮ್, ಒಂದೇ ಶಾಖ, ಒಂದೇ ಕೈ ಕಂಡವು. ಅವುಗಳ ನಡುವಿನ ಹೋಲಿಕೆಯ ಪ್ರಮಾಣ 0.1 ಮಾತ್ರ ಅಂತಿಟ್ಟುಕೊಂಡರೂ 1 + 119 × 0.1 = 12.9. 360ನ್ನು ಇದರಿಂದ ಭಾಗಿಸಿದರೆ 28. ಮುನ್ನೂರರವತ್ತು ಸೆಲ್ ಎಣಿಸಿ ಇಪ್ಪತ್ತೆಂಟರ ಬಲ.

ಸರಿಯಾದ ದಾರಿ ಸರಳವಾಗಿಯೇ ಇತ್ತು. ಪ್ರತಿ ಸೆಲ್ಲಿನ ವೇಗದ ಲಾಗರಿದಮ್, ಅವುಗಳ ವೆಲ್ ಸರಾಸರಿ, ವೆಲ್‌ಗಳ ದಿನದ ಸರಾಸರಿ. ಕೊನೆಗೆ ದಿನಕ್ಕೆ ಎರಡೇ ಸಂಖ್ಯೆ, ಅವುಗಳ ಮೇಲೆ ಜೋಡಿ ಟಿ-ಟೆಸ್ಟ್. ಮೂರು ದಿನಕ್ಕೆ ಸ್ವಾತಂತ್ರ್ಯದ ಅಂಶ (ಡಿಗ್ರೀಸ್ ಆಫ್ ಫ್ರೀಡಂ, ಇಲ್ಲಿ ದಿನಗಳ ಸಂಖ್ಯೆಗಿಂತ ಒಂದು ಕಡಿಮೆ) 2, 5% ಮಟ್ಟ ದಾಟಲು ಟಿ 4.303 ಬೇಕು. ಐದು ದಿನವಾದರೆ 2.776 ಸಾಕು. ಅದಕ್ಕೇ ಮತ್ತೆರಡು ದಿನ ಪ್ರಯೋಗ ಮಾಡಿದೆವು, ಇನ್ನಷ್ಟು ಸೆಲ್ ಎಣಿಸಲಿಲ್ಲ. ಇವು ಮೊದಲು ಮೂರರ ಫಲಿತಾಂಶ ನೋಡಿ ಆಮೇಲೆ ಸೇರಿಸಿದ ದಿನಗಳು ಅಂತ ಪ್ರಬಂಧದಲ್ಲಿ ಬರೆದಿದ್ದೇವೆ. ಪಿ ಇಳಿಯುವವರೆಗೆ ದಿನ ಸೇರಿಸುತ್ತ ಹೋಗೋದು ಬೇರೆ ಥರದ ಮೋಸ, ಎಷ್ಟು ದಿನ ಅಂತ ಮೊದಲೇ ಗೊತ್ತುಮಾಡಿ ನಿಲ್ಲಿಸಬೇಕು. ದತ್ತಾಂಶ ಓರೆಯಾಗಿದೆ ಅಂತ ಬೆಲೆಗಳ ಬದಲು ಅವುಗಳ ಕ್ರಮಾಂಕ ನೋಡುವ ವಿಲ್ಕಾಕ್ಸನ್ ಜೋಡಿ ಟೆಸ್ಟಿಗೆ ಹೋಗುವವರು ಇದನ್ನು ನೋಡಿಕೊಳ್ಳಿ: ಮೂರು ಜೋಡಿಗೆ ಅದು ಕೊಡಬಹುದಾದ ಅತಿ ಸಣ್ಣ ಪಿ 0.25, ಐದಕ್ಕೆ 0.0625. ಆರು ದಿನವಿಲ್ಲದೆ ಅದು 0.05ರ ಕೆಳಗೆ ಇಳಿಯೋದೇ ಇಲ್ಲ, ಔಷಧ ಎಷ್ಟೇ ಜೋರಾಗಿರಲಿ.

ಆರ್‌ನ ಎಲ್‌ಎಂಇ4 ಪ್ಯಾಕೇಜಿನ ಮಿಶ್ರ ಮಾದರಿಯನ್ನೂ (ದಿನ, ವೆಲ್‌ಗಳ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುವಂಥದ್ದು) ಓಡಿಸಿ ನೋಡಿದೆವು. ದಿನ, ದಿನದೊಳಗಿನ ವೆಲ್ ಎರಡನ್ನೂ ಯಾದೃಚ್ಛಿಕ ಅಂಶವಾಗಿ ಕೊಟ್ಟರಷ್ಟೇ ಸಾಲದು, ಔಷಧದ ಪರಿಣಾಮವೂ ದಿನದಿಂದ ದಿನಕ್ಕೆ ಬದಲಾಗಬಹುದು ಅಂತ ಹೇಳಬೇಕು. ಅದರ ಜೊತೆಗಿನ ಎಲ್‌ಎಂಇಆರ್‌ಟೆಸ್ಟ್ ಪ್ಯಾಕೇಜು ತೋರಿಸುವ ಸ್ವಾತಂತ್ರ್ಯದ ಅಂಶ ನೂರುಗಳಲ್ಲಿದ್ದರೆ ಮಾದರಿ ಇನ್ನೂ ಸೆಲ್‌ಗಳನ್ನೇ ಎಣಿಸುತ್ತಿದೆ. ‘ಸಿಂಗ್ಯುಲರ್ ಫಿಟ್’ ಎಚ್ಚರಿಕೆ ಬಂದರೆ, ಇಷ್ಟು ಕಡಿಮೆ ದಿನದಿಂದ ಆ ಏರಿಳಿತವನ್ನು ಅಂದಾಜು ಮಾಡಲಾಗಲಿಲ್ಲ ಎಂದರ್ಥ. ಆಗ ಜೋಡಿ ಟಿ-ಟೆಸ್ಟಿಗೇ ಮರಳಿ.

ಐದು ದಿನದಲ್ಲೂ ಔಷಧದ ಸೆಲ್‌ಗಳು ನಿಧಾನವಾಗಿಯೇ ಇದ್ದವು. ವ್ಯತ್ಯಾಸ ಉಳಿಯಿತು, ಸಾಲು ಸೊನ್ನೆ ಹೋದವು. ಗ್ರಾಫಿನಲ್ಲಿ ಸೆಲ್‌ಗಳನ್ನು ಸಣ್ಣ ಮಸುಕು ಚುಕ್ಕಿಯಾಗಿ, ದಿನದ ಸರಾಸರಿಗಳನ್ನು ದಿನಕ್ಕೊಂದು ಬಣ್ಣದ ದೊಡ್ಡ ಚುಕ್ಕಿಯಾಗಿ ಹಾಕಿ, ಒಂದೇ ದಿನದವನ್ನು ಗೆರೆಯಿಂದ ಜೋಡಿಸಿದೆವು. ಕಚ್ಚಾ ಚಿತ್ರ, ಟ್ರ್ಯಾಕ್‌ಮೇಟಿನ ಎಕ್ಸ್‌ಎಂಎಲ್, ತಿದ್ದಿದ ಸಿಎಸ್‌ವಿ, ಆರ್ ಸ್ಕ್ರಿಪ್ಟು, ಸೆಷನ್‌ಇನ್ಫೊ (ಆರ್ ಮತ್ತು ಪ್ಯಾಕೇಜುಗಳ ಆವೃತ್ತಿಯ ಪಟ್ಟಿ) ಬರೆದ ಫೈಲು ಇವು ಎರಡು ಬೇರೆ ಡಿಸ್ಕಿನಲ್ಲಿವೆ. ಒಂದು ಲ್ಯಾಬಿನ ಬೀರುವಿನಲ್ಲಿ, ಒಂದು ಮನೆಯಲ್ಲಿ. ಕೈಬಿಟ್ಟ ಮಳೆಯ ದಿನದ 5 ಜಿಬಿಯೂ ಅದರಲ್ಲಿದೆ, ಶಾಖದ ದಾಖಲೆ ಮಾತ್ರ ಇಲ್ಲ, ಲಾಗರ್ ತಂದದ್ದು ಅದರ ಮರುವಾರ.